ಮುಲಾಮು ಮುಟ್ಟದ ಕೈ

ಬೆಳಗಿನ ಐದೂವರೆ. ಕೊಳಚೆ ನೀರು ಶುದ್ಧೀಕರಣ ಘಟಕದ ಹಿಂಬದಿಯಲ್ಲಿ, ಎರಡಾಳೆತ್ತರದ ನಾಲ್ಕು ಉಕ್ಕಿನ ತೊಟ್ಟಿಗಳ ಬುಡದಲ್ಲಿ, ಐವತ್ತಮೂರರ ಹೆಂಗಸೊಬ್ಬರು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಸುಮ್ಮನೆ ನಿಂತಿದ್ದಾರೆ. ದೂರದಿಂದ ನೋಡಿದವರಿಗೆ ಯಾರ ಹತ್ತಿರವೋ ಏನೋ ಬೇಡುತ್ತಿರುವಂತೆ ಕಾಣುತ್ತದೆ. ಅವರು ಬೇಡುತ್ತಿಲ್ಲ, ಕೈ ಒಣಗಿಸಿಕೊಳ್ಳುತ್ತಿದ್ದಾರೆ. ಬರೀ ಬಿಸಿನೀರಿನಲ್ಲಿ ಮೂರು ಸಲ ತೊಳೆದ ಕೈ. ಟವೆಲ್‌ಗೆ ಒರೆಸುವ ಹಾಗಿಲ್ಲ, ಟವೆಲ್‌ನಲ್ಲಿ ಬಟ್ಟೆ ಸೋಪಿನ ವಾಸನೆ ಇರುತ್ತದೆ. ಸೆರಗಿಗೂ ಒರೆಸುವ ಹಾಗಿಲ್ಲ. ಚಳಿಗೆ ಬೆರಳ ತುದಿ ಕೆಂಪಾಗಿದೆ, ಗಂಟುಗಳ ಮೇಲೆ ಚರ್ಮ ಬಿರಿದಿದೆ. ಆ ಬಿರುಕಿಗೆ ಒಂದಿಷ್ಟು ಕ್ರೀಮು ಹಚ್ಚಿಕೊಂಡರೆ ಏನು ಗಂಟು ಹೋಗುತ್ತದೆ ಎಂದು ಯಾರಾದರೂ ಕೇಳಿದರೆ ಅವರು ತಲೆ ತಗ್ಗಿಸುತ್ತಾರೆ. ಹೋದ ಗಂಟು ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತು.

ಕೈ ಒಣಗಿದ ಮೇಲೆ ಕೈಗವಸು ಹಾಕಿ ತೊಟ್ಟಿಯಿಂದ ನೀರು ಹೊರಬರುವ ನಲ್ಲಿ ತಿರುಗಿಸುತ್ತಾರೆ. ಮೂರು ನಿಮಿಷ ನೀರು ಸುಮ್ಮನೆ ಹರಿಯಬೇಕು. ಗಡಿಯಾರ ನೋಡುವುದಿಲ್ಲ, ತುಟಿ ಅಲ್ಲಾಡಿಸುತ್ತ ನೂರ ಎಂಬತ್ತರವರೆಗೆ ಎಣಿಸುತ್ತಾರೆ. ಆಮೇಲೆ ಕಂದು ಬಣ್ಣದ ಗಾಜಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೆಯ ಸಲ ಕುತ್ತಿಗೆಯವರೆಗೆ ತುಂಬಿಸಿ, ಒಳಗೆ ಅಲ್ಯೂಮಿನಿಯಂ ಹಾಳೆಯಿಟ್ಟ ಮುಚ್ಚಳ ಬಿಗಿದು, ಐಸ್ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಎಳೆಗೂಸನ್ನು ಮಲಗಿಸುವಾಗಲೂ ಇಷ್ಟು ನಾಜೂಕು ಇರುತ್ತದೋ ಇಲ್ಲವೋ. ಮೊದಲು ತೊಟ್ಟಿಯಿಂದ ಹೊರಬರುವ ನೀರು, ಆಮೇಲೆ ಒಳಹೋಗುವ ನೀರು. ಚೊಕ್ಕದ್ದು ಮೊದಲು, ಕೊಳೆಯದ್ದು ಆಮೇಲೆ. ಈ ಕ್ರಮ ಒಂದು ದಿನವೂ ತಪ್ಪಿಲ್ಲ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಗಾಜಿನಕ್ಕ ಎಂದು. ಪ್ಲಾಸ್ಟಿಕ್ ಬಾಟಲಿ ಕಂಡರೆ ಹಾವು ಕಂಡವರಂತೆ ಹಿಂದೆ ಸರಿಯುತ್ತಾರೆಂದು ಪಂಪಿನವರು ಇಟ್ಟ ಹೆಸರು. ಮೊದಮೊದಲು ಗೇಲಿಗೆ ಕರೆದದ್ದು, ಈಗ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅವರ ನಿಜ ಹೆಸರು ಓಡಾಡುವುದಿಲ್ಲ.

ಹಿಂದೆ ಅವರು ಔಷಧಿ ಕಂಪನಿಯೊಂದರಲ್ಲಿ ಬಾಟಲಿ ತೊಳೆಯುತ್ತಿದ್ದರು. ಹತ್ತನೇ ತರಗತಿ ಓದಿ, ಮುಂದೆ ಓದಿಸುವವರಿಲ್ಲದೆ ಸೇರಿದ ಕೆಲಸ. ಕಂಪನಿ ಮುಚ್ಚಿದ ಮೇಲೆ ಈ ಘಟಕದ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯಲು ಬಂದರು. ಅದಾಗಿ ಇಪ್ಪತ್ತೆರಡು ವರ್ಷ. ಮೂರು ವರ್ಷದ ಹಿಂದೆ ನಾಲ್ಕು ತೊಟ್ಟಿಗಳು ಬಂದು ಕೂತಾಗ, ಪ್ರಯೋಗಾಲಯದ ಮೇಡಂ ಹೊಸಬರನ್ನು ಹುಡುಕಲಿಲ್ಲ. "ಬಾಟಲಿ ತೊಳೆಯೋಕೆ ಬರೋರಿಗೇ ಬಾಟಲಿ ತುಂಬೋಕೂ ಬರುತ್ತೆ ಅಕ್ಕಾ, ನೀವೇ ಮಾಡಿ" ಎಂದರು. ಒಂದೇ ಕೈ, ಒಂದೇ ಹೊತ್ತು, ಒಂದೇ ಕ್ರಮ. ಆಗಷ್ಟೇ ಇವತ್ತಿನ ಅಂಕಿಯನ್ನು ನಿನ್ನೆಯದರ ಪಕ್ಕ ಇಟ್ಟು ನೋಡಲು ಸಾಧ್ಯ ಎಂಬುದು ಮೇಡಂ ಮಾತು.

ತೊಟ್ಟಿಗಳ ಕೆಲಸವೇನು? ನಾವೆಲ್ಲ ಒಂದು ಗುಂಡಿ ಒತ್ತಿ, ನೀರು ಬಿಟ್ಟು, ಬಾಗಿಲು ಹಾಕಿಕೊಂಡು ಬರುತ್ತೇವೆ. ಅಲ್ಲಿಗೆ ನಮ್ಮ ಮಟ್ಟಿಗೆ ಕಥೆ ಮುಗಿಯಿತು. ಕಥೆ ಶುರುವಾಗುವುದೇ ಅಲ್ಲಿಂದ. ಘಟಕಕ್ಕೆ ದಿನಕ್ಕೆ ಎರಡು ಕೋಟಿ ಲೀಟರ್ ಬರುತ್ತದೆ. ಜಾಲರಿ ಕಸ ಹಿಡಿಯುತ್ತದೆ, ಕೊಳಗಳಲ್ಲಿ ಮಣ್ಣು ಇಳಿಯುತ್ತದೆ, ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ. ಕೊನೆಗೆ ನೀರು ಕಣ್ಣಿಗೆ ತಿಳಿಯಾಗುತ್ತದೆ. ಆದರೆ ನಾವು ನುಂಗಿದ ಮಾತ್ರೆಗಳ ಶೇಷ, ಪ್ಲಾಸ್ಟಿಕ್ಕನ್ನು ಮೆದು ಮಾಡುವ ದ್ರವ್ಯ, ಸೋಪು ಶಾಂಪೂ ಕೆಡದಂತೆ ಹಾಕುವ ರಾಸಾಯನಿಕ, ಇವುಗಳಲ್ಲಿ ಒಂದಷ್ಟು ಆ ತಿಳಿನೀರಿನಲ್ಲೇ ಉಳಿದುಬಿಡುತ್ತವೆ. ಮೈಯ ಹಾರ್ಮೋನಿನ ವೇಷ ಹಾಕಿಕೊಂಡು ಮೈಗೇ ಸುಳ್ಳು ಹೇಳುವ ವಸ್ತುಗಳು ಇವು. ಎಷ್ಟು ಕಡಿಮೆ ಇದ್ದರೂ ಸಾಕು. ಮೇಡಂ ಲೆಕ್ಕ ಹೇಳುತ್ತಾರೆ: ಇಪ್ಪತ್ತು ದೊಡ್ಡ ಈಜುಕೊಳಗಳಿಗೆ ಒಂದು ಹನಿ. ಅಷ್ಟನ್ನೂ ಅವರ ಯಂತ್ರ ಹಿಡಿಯುತ್ತದೆ, ಅಷ್ಟಕ್ಕೇ ಮೀನು ಕೆಡುತ್ತದೆ. ನಾಲ್ಕು ತೊಟ್ಟಿಗಳ ತುಂಬ ಇರುವುದು ಕಾಳುಕಾಳಾದ ಇದ್ದಿಲು. ದಿನಕ್ಕೆ ಇಪ್ಪತ್ತು ಲಕ್ಷ ಲೀಟರ್, ಅಂದರೆ ಬಂದದ್ದರಲ್ಲಿ ಹತ್ತನೇ ಒಂದು ಪಾಲು, ಪ್ರಯೋಗಕ್ಕೆಂದು ಇದರ ಮೂಲಕ ಹಾಯುತ್ತದೆ. ಇದ್ದಿಲು ಆ ವೇಷಧಾರಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿಯಿತೋ ಇಲ್ಲವೋ ಎಂದು ಹೇಳುವುದು ಗಾಜಿನಕ್ಕನ ಬಾಟಲಿ.

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಎಲ್ಲಾ ನಗೋರು," ಎನ್ನುತ್ತಾರೆ ಗಾಜಿನಕ್ಕ. "ನಂಗೂ ಹಂಗೇ ಅನ್ನಿಸಿತ್ತು. ಮೀನು ನೋಡೋತನಕ."

ಪ್ರಯೋಗಾಲಯದ ಮೂಲೆಯಲ್ಲಿ ಎರಡು ಗಾಜಿನ ಪೆಟ್ಟಿಗೆಗಳಿವೆ. ಎರಡರಲ್ಲೂ ಬೆರಳುದ್ದದ ಗಂಡು ಮೀನುಗಳು. ಒಂದಕ್ಕೆ ಎಂದಿನ ತಿಳಿನೀರು, ಇನ್ನೊಂದಕ್ಕೆ ಇದ್ದಿಲ ತೊಟ್ಟಿ ಹಾಯ್ದು ಬಂದ ನೀರು. ನಾಲ್ಕು ತಿಂಗಳಾದ ಮೇಲೆ ಮೇಡಂ ಎರಡೂ ಪೆಟ್ಟಿಗೆಯಿಂದ ಒಂದೊಂದು ಮೀನು ತೆಗೆದು ಕೊಯ್ದು, ಗಾಜಿನಕ್ಕನನ್ನು ಕರೆದು ತೋರಿಸಿದರು. ಇದ್ದಿಲ ನೀರಿನ ಗಂಡು ಗಂಡಾಗಿಯೇ ಇತ್ತು. ಇನ್ನೊಂದರ ಹೊಟ್ಟೆಯಲ್ಲಿ, ವೀರ್ಯ ಇರಬೇಕಾದ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಕಟ್ಟಿದ್ದವು. ಇಡುವ ಮೊಟ್ಟೆಯಲ್ಲ, ಮರಿಯಾಗುವ ಮೊಟ್ಟೆಯೂ ಅಲ್ಲ.

ಆ ದಿನ ಅವರು ಊಟದ ಡಬ್ಬಿ ತೆರೆಯಲಿಲ್ಲ. ಮೀನಿನ ಮೇಲಿನ ಮರುಕ ಒಂದಾದರೆ, ಆ ಮೀನಿನಲ್ಲಿ ಅವರಿಗೆ ಕಂಡದ್ದು ಇನ್ನೊಂದು.

ಅವರ ಯಜಮಾನರು ಬಸ್ ಡ್ರೈವರ್. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ದೊಡ್ಡ ಆಳು, ಹುರಿ ಮೀಸೆ, ಹಾರ್ನಿಗಿಂತ ಜೋರು ದನಿ. ತೊಟ್ಟಿಗಳು ಬಂದ ವರ್ಷವೇ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಗಂಡಸಿನ ಹಾರ್ಮೋನನ್ನು ಅಡಗಿಸುವ ಮಾತ್ರೆ ಕೊಟ್ಟರು, ಬೇರೆ ದಾರಿ ಇರಲಿಲ್ಲ. ಮಾತ್ರೆ ತನ್ನ ಕೆಲಸ ಮಾಡಿತು. ಜೊತೆಗೆ ಮೀಸೆ ತೆಳುವಾಯಿತು, ತೋಳು ಇಳಿಯಿತು, ಮೈ ಆಗಾಗ ಕಾದು ಬೆವೆತು ಹೋಗುತ್ತಿತ್ತು. ಎದೆ ಉಬ್ಬಿತು. ಅದೊಂದನ್ನು ಅವರಿಂದ ಸಹಿಸಲಾಗಲಿಲ್ಲ. ಬೇಸಗೆಯಲ್ಲೂ ಎರಡು ಅಂಗಿ ಹಾಕುತ್ತಿದ್ದರು. ಬಾಗಿಲು ತಟ್ಟಿದ ಸದ್ದಾದರೆ ಹೊದಿಕೆ ಕತ್ತಿನವರೆಗೆ ಎಳೆದುಕೊಳ್ಳುತ್ತಿದ್ದರು.

"ಇವರಿಗಾದ್ರೆ ಡಾಕ್ಟರು ಹೇಳಿ ಕೊಟ್ರು. ಜೀವ ಉಳೀಲಿ ಅಂತ ಕೊಟ್ರು," ಎನ್ನುತ್ತಾರೆ ಗಾಜಿನಕ್ಕ. "ಮೀನನ್ನ ಯಾರು ಕೇಳಿದ್ರು?"

ಹಾಗೆಂದು ಆ ಮನೆಯಲ್ಲಿ ನಗು ಇರಲಿಲ್ಲವೆಂದಲ್ಲ. ಯಜಮಾನರ ಮೈ ಸೋತಿತ್ತು, ನಾಲಿಗೆ ಸೋತಿರಲಿಲ್ಲ. ಅವರು ನುಂಗಿದ ಮಾತ್ರೆಯ ಶೇಷ ಹೋಗಿ ಸೇರುತ್ತಿದ್ದುದು ಹೆಂಡತಿಯ ಘಟಕಕ್ಕೇ ತಾನೆ? ಸಂಜೆ ಆಕೆ ಮನೆಗೆ ಬಂದರೆ ಮಂಚದಿಂದಲೇ ಪ್ರಶ್ನೆ: "ಏನೇ, ನಾನು ಬೆಳಿಗ್ಗೆ ಕಳಿಸಿದ್ದು ಎಷ್ಟು ಗಂಟೆಗೆ ಬಂತು?"

"ಮಧ್ಯಾಹ್ನ ಬಂತು. ಇಳಿಸ್ಕೊಂಡೆ."

"ಲೇಟು. ದಾರೀಲಿ ಟ್ರಾಫಿಕ್ಕಿರಬೇಕು. ನಾನು ಓಡಿಸಿದ್ರೆ ಹನ್ನೊಂದಕ್ಕೇ ಮುಟ್ಟಿಸ್ತಿದ್ದೆ."

ಮನೆಯಲ್ಲಿ ಜೊತೆಗಿದ್ದವರು ಅವರ ನಾದಿನಿ, ಯಜಮಾನರ ತಂಗಿ. ಅಡುಗೆ, ಔಷಧಿ, ಆಸ್ಪತ್ರೆ ಎಲ್ಲ ಅವರೇ ನೋಡಿಕೊಂಡರು. ಆದರೆ ಒಂದು ಕೆಲಸಕ್ಕೆ ಮಾತ್ರ ಅಣ್ಣ ಅವರನ್ನು ಹತ್ತಿರ ಬಿಡಲಿಲ್ಲ. ಮಲಗಿ ಮಲಗಿ ಬೆನ್ನು ಹುಣ್ಣಾಗಿತ್ತು, ದಿನಕ್ಕೆ ಎರಡು ಸಲ ಮುಲಾಮು ಹಚ್ಚಬೇಕು. ಹಚ್ಚಬೇಕಾದರೆ ಅಂಗಿ ಬಿಚ್ಚಬೇಕು. ತಂಗಿಯ ಮುಂದೆ ಅಂಗಿ ಬಿಚ್ಚಲು ಅವರಿಂದ ಆಗಲಿಲ್ಲ. ಉಳಿದದ್ದು ಹೆಂಡತಿಯ ಕೈ ಒಂದೇ.

ಹೆಂಡತಿಯ ಕೈಗೆ ಮುಲಾಮು ಮುಟ್ಟುವ ಹಾಗಿರಲಿಲ್ಲ.

ನೀರು ಹಿಡಿಯುವವರ ನಿಯಮಗಳು ಗೋಡೆಯ ಮೇಲೆ ಅಂಟಿಸಿವೆ. ಪರಿಮಳದ ಸೋಪಿಲ್ಲ, ತಲೆಗೆಣ್ಣೆ ಇಲ್ಲ, ಪೌಡರ್ ಇಲ್ಲ, ಕ್ರೀಮಿಲ್ಲ, ಯಾವ ಮುಲಾಮೂ ಇಲ್ಲ. ಹಿಡಿಯಲು ಹೊರಟ ವಸ್ತುಗಳೇ ಇವುಗಳಲ್ಲೂ ಇರುತ್ತವೆ. ಕೈಗವಸು ಇದೆಯಲ್ಲ ಎಂದರೆ, ಆ ಕೈಗವಸನ್ನು ಎಳೆದು ಹಾಕಿಕೊಳ್ಳುವುದೂ ಇದೇ ಬೆರಳುಗಳಿಂದ. ಹೀಗಾಗಿ ಗಾಜಿನಕ್ಕ ಸಂಜೆ ಹೊತ್ತು ಒಂದು ಸಲ ಹಚ್ಚುತ್ತಿದ್ದರು, ಬೆಳಗಿನದನ್ನು ನೀರು ಹಿಡಿದು ಏಳೂವರೆಗೆ ಮನೆಗೆ ಓಡಿ ಬಂದು ಹಚ್ಚಿ ಮತ್ತೆ ಕೆಲಸಕ್ಕೆ ಓಡುತ್ತಿದ್ದರು. ಹುಣ್ಣಿಗೆ ಗಡಿಯಾರ ಗೊತ್ತಿಲ್ಲ. ಉರಿ ಏಳುತ್ತಿದ್ದುದು ಬೆಳಗಿನ ನಾಲ್ಕೂವರೆಗೆ. ಒಮ್ಮೆ ಕೈಗವಸು ಹಾಕಿಕೊಂಡು ಹಚ್ಚಲು ಹೋದರು. ಯಜಮಾನರು ಮುಖ ಗೋಡೆಗೆ ತಿರುಗಿಸಿದರು. "ಗವಸು ಹಾಕ್ಕೊಂಡು ಮುಟ್ಟೋಕೆ ನಾನೇನು ನಿಮ್ಮ ಕೊಳಚೆ ನೀರಾ?" ಎಂದರು. ನಗಿಸಲೆಂದೇ ಅಂದಿರಬೇಕು. ಇಬ್ಬರೂ ನಗಲಿಲ್ಲ, ಗವಸು ಮತ್ತೆ ಹೊರಬರಲಿಲ್ಲ.

ಹದಿನೈದು ತಿಂಗಳ ಹಿಂದಿನ ಒಂದು ಬೆಳಿಗ್ಗೆ ಅವರು ನಿಯಮ ಮುರಿದರು. ಯಜಮಾನರು ಅವತ್ತು ಕೇಳಲೂ ಇಲ್ಲ. ದಿಂಬು ಕಚ್ಚಿಕೊಂಡು ಅಳುತ್ತಿದ್ದರು. ಮೂವತ್ತು ವರ್ಷದಲ್ಲಿ ಆ ಮನುಷ್ಯ ಅತ್ತದ್ದನ್ನು ಅವರು ನೋಡಿರಲಿಲ್ಲ. ಮುಲಾಮು ತೆಗೆದು ಬರಿಗೈಯಲ್ಲಿ ಬೆನ್ನಿಗೆಲ್ಲ ಹಚ್ಚಿದರು. ಉಸಿರು ಸಮವಾಗಿ, ಕಣ್ಣು ಮುಚ್ಚುವವರೆಗೆ ಕೂತರು. ಬಿಸಿನೀರಿನಲ್ಲಿ ಆರು ಸಲ ಕೈ ತೊಳೆದರು. ತಡವಾಗಿತ್ತು, ಓಡಿದರು. ಗವಸು ಹಾಕಿದರು, ಕ್ರಮದಂತೆ ಚೊಕ್ಕ ನೀರಿನ ಬಾಟಲಿ ಮೊದಲು ತುಂಬಿದರು.

ಹತ್ತು ದಿನದ ಮೇಲೆ ಅಂಕಿ ಬಂತು. ತೊಟ್ಟಿಯೊಳಗೆ ಹೋಗುವಾಗ ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಎರಡು ವಸ್ತುಗಳು ಹೊರಬರುವಾಗ ರಾಶಿ ಬಿದ್ದಿದ್ದವು. ಇದ್ದಿಲು ಹಳತಾದರೆ ಹಿಡಿದದ್ದನ್ನೆಲ್ಲ ಒಮ್ಮೆಲೇ ಕಕ್ಕುವುದುಂಟು. ಮೇಲಿನವರು ಹಾಗೇ ತಿಳಿದರು, ತೊಟ್ಟಿ ಸೋತಿದೆ ಎಂದು ವರ್ಷದ ವರದಿಯಲ್ಲಿ ಬರೆದರು. ಮೇಡಂ ಮಾತ್ರ ತಲೆ ಕೆಡಿಸಿಕೊಂಡು ಆ ಎರಡು ಹೆಸರುಗಳನ್ನು ಚೀಟಿಯಲ್ಲಿ ಬರೆದು ಹಿಡಿದು ಓಡಾಡುತ್ತಿದ್ದರು. "ಇದು ಕ್ರೀಮು ಕೆಡದೇ ಇರ್ಲಿ ಅಂತ ಹಾಕೋದು, ಇದು ಪರಿಮಳದ ಜೊತೆ ಇರೋದು. ಎಲ್ಲಿಂದ ಬಂತು ಅಕ್ಕಾ?" ಎಂದು ಗಾಜಿನಕ್ಕನನ್ನೇ ಕೇಳಿದರು.

ಗಾಜಿನಕ್ಕ ಕೈ ಚಾಚಿದರು. ಚೀಟಿ ಇಸಿದುಕೊಂಡು ಮನೆಗೆ ಹೋದರು. ಸಂಜೆ ನಾದಿನಿಯ ಕನ್ನಡಕ ಹಾಕಿಕೊಂಡು ಮುಲಾಮಿನ ಟ್ಯೂಬಿನ ಹಿಂದಿನ ಇರುವೆಗಾತ್ರದ ಅಕ್ಷರಗಳನ್ನು ಬೆರಳಿಟ್ಟು ಓದಿದರು. ಚೀಟಿಯ ಮೊದಲ ಹೆಸರು ಮೂರನೇ ಸಾಲಿನಲ್ಲಿತ್ತು. ಕೊನೆಯಲ್ಲಿ 'ಪರಿಮಳ' ಎಂದಷ್ಟೇ ಬರೆದಿತ್ತು.

"ಅತ್ತಿಗೆ, ಸುಮ್ಮನಿದ್ದುಬಿಡಿ, ಯಾರಿಗೆ ಗೊತ್ತಾಗುತ್ತೆ?" ಎಂದರು ನಾದಿನಿ.

ಅತ್ತ ದರಿ ಇತ್ತ ಪುಲಿ. ಬಾಯಿಬಿಟ್ಟರೆ ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸಕ್ಕೆ ಕಳಂಕ, ಬಿಡದಿದ್ದರೆ ತಪ್ಪಿಲ್ಲದ ತೊಟ್ಟಿಯ ಮೇಲೆ ಅಪವಾದ. ಮರುದಿನ ಅವರು ಆ ಟ್ಯೂಬನ್ನೇ ತಂದು ಮೇಡಂ ಮೇಜಿನ ಮೇಲಿಟ್ಟರು. "ಇದು ನನ್ನ ಕೈ ಮೇಡಂ. ತೊಟ್ಟಿಯದಲ್ಲ," ಎಂದರು. ಮೇಡಂ ಅವರನ್ನು ಬೈಯಲಿಲ್ಲ. ಟ್ಯೂಬನ್ನು ತಿರುಗಿಸಿ ನೋಡಿ, "ಯಜಮಾನರ ಬೆನ್ನು ಹೇಗಿದೆ?" ಎಂದರು. ಅದಕ್ಕೇ ಗಾಜಿನಕ್ಕನ ಕಣ್ಣು ತುಂಬಿ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು.

ಮತ್ತೆ ನೀರು ಹಿಡಿದರು, ಮತ್ತೆ ನೋಡಿದರು. ತೊಟ್ಟಿ ಸರಿಯಾಗಿಯೇ ಇತ್ತು. ತಿದ್ದುಪಡಿ ಪತ್ರ ಮೇಲಕ್ಕೆ ಹೋಯಿತು. ಆದರೆ ವರದಿ ಓದಿದಷ್ಟು ಮಂದಿ ತಿದ್ದುಪಡಿ ಓದುವುದಿಲ್ಲ.

ಅಂದಿನಿಂದ ಅವರು ಕಲ್ಲಾದರು. ನೀರು ಹಿಡಿಯುವ ಮೊದಲು ಗಂಡನನ್ನು ಮುಟ್ಟುವುದನ್ನೇ ಬಿಟ್ಟರು. ಹೊದಿಕೆ ಸರಿಮಾಡುವುದೂ ಇಲ್ಲ, ಹಣೆ ಮುಟ್ಟಿ ಜ್ವರ ನೋಡುವುದೂ ಇಲ್ಲ. ರಾತ್ರಿ ಹಚ್ಚಿದ್ದು ಹೊದಿಕೆಗೆ ಅಂಟಿರುತ್ತದೆ ಎಂಬ ಭಯ. ಬಾಗಿಲ ಬಳಿ ನಿಂತೇ "ಬರ್ತೀನಿ" ಎಂದು ಹೊರಡುತ್ತಿದ್ದರು.

ನಾಲ್ಕು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಯಜಮಾನರು ಎಂದಿಗಿಂತ ಮೆತ್ತಗಿನ ದನಿಯಲ್ಲಿ, "ಇವತ್ತೊಂದು ದಿನ ಹಚ್ಚಿ ಹೋಗೇ," ಎಂದರು.

"ಎರಡು ಗಂಟೆ ತಡ್ಕೊಳ್ಳಿ. ಓಡಿ ಬಂದುಬಿಡ್ತೀನಿ."

"ಹೋಗು ಹೋಗು. ನಿನ್ನ ಬಾಟ್ಲಿ ಕಾಯ್ತಿರುತ್ತೆ."

ನೂರ ಎಂಬತ್ತರವರೆಗೆ ಎಣಿಸಿ, ಚೊಕ್ಕ ನೀರು ತುಂಬಿ, ಕೊಳೆ ನೀರಿಗೆ ಕೈ ಹಾಕುವಷ್ಟರಲ್ಲಿ ಗೇಟಿನ ಕಾವಲುಗಾರ ಓಡಿ ಬಂದ. ಮನೆಯಿಂದ ಫೋನು. ಅವರು ಎರಡನೇ ಬಾಟಲಿಯನ್ನೂ ತುಂಬಿಸಿ, ಮುಚ್ಚಳ ಬಿಗಿದು, ಐಸ್ ಪೆಟ್ಟಿಗೆಯಲ್ಲಿಟ್ಟು ಹೊರಟರು. ಅದನ್ನು ಅವರೇ ಹೇಳುತ್ತಾರೆ. "ಯಾಕೆ ತುಂಬಿಸ್ದೆ ಅಂತ ಇವತ್ತಿಗೂ ಗೊತ್ತಿಲ್ಲ ಕಣ್ರೀ. ಕೈ ಅದರ ಪಾಡಿಗೆ ಅದು ಮಾಡ್ತು. ಒಂದೆರಡು ನಿಮಿಷ ಅಷ್ಟೇ. ಹೋಗೋಷ್ಟರಲ್ಲಿ ಮುಗಿದಿತ್ತು. ಬೆನ್ನು ಒಣಗಿತ್ತು. ಮನೇಲಿ ಮುಲಾಮಿತ್ತು, ನಾನಿದ್ದೆ, ಬೆನ್ನು ಒಣಗೇ ಇತ್ತು."

ಅದಾಗಿ ಹನ್ನೊಂದು ತಿಂಗಳು. ಈ ಹನ್ನೊಂದು ತಿಂಗಳಲ್ಲಿ ಅವರು ರಜೆ ಹಾಕಿದ್ದು ನಾಲ್ಕೇ ದಿನ. ಮನೆಯಲ್ಲಿ ಕೂತರೆ ಮಂಚ ಕಾಣುತ್ತದೆ. ಇಲ್ಲಿದ್ದರೆ ಅಂಕಿ ಕಾಣುತ್ತದೆ. ತೊಟ್ಟಿಗಳು ನಿಲ್ಲದೆ ನಡೆದರೆ, ಹತ್ತನೇ ಒಂದು ಪಾಲು ನೀರು ಒಂದು ದಿನ ಪೂರ್ತಿ ನೀರಾದರೆ, ಆ ಬೆಳಗುಗಳಿಗೆಲ್ಲ ಒಂದು ಅರ್ಥ ಬರುತ್ತದೆ ಎಂದು ಅವರು ನಂಬಿದ್ದರು. ಅದೊಂದೇ ನಂಬಿಕೆಯ ಮೇಲೆ ನಿಂತಿದ್ದರು.

ಕಳೆದ ತಿಂಗಳು ಮೇಲಿನ ಸಮಿತಿ ಕೂತಿತು. ಮೇಡಂ ಮೂರು ವರ್ಷದ ಅಂಕಿಗಳನ್ನೆಲ್ಲ ಮುಂದಿಟ್ಟರು, ಮೀನಿನ ಚಿತ್ರ ತೋರಿಸಿದರು. ಸದಸ್ಯರೊಬ್ಬರು ಆ ತಿದ್ದುಪಡಿಯ ಪುಟ ತೆರೆದು ಕೇಳಿದರಂತೆ: ಒಬ್ಬರ ಕೈಯ ಮುಲಾಮಿನಿಂದ ಅಂಕಿ ತಲೆಕೆಳಗಾಗುವುದಾದರೆ ಉಳಿದ ಎರಡು ಸಾವಿರ ಬಾಟಲಿಗಳನ್ನು ನಂಬುವುದು ಹೇಗೆ? ನಂಬಲು ಕಾರಣ ಆ ಕೈಯವರೇ ತಾವಾಗಿ ಬಂದು ಹೇಳಿದ್ದು ಎಂದು ಮೇಡಂ ವಾದಿಸಿದರು. ಆ ವಾದ ಯಾರ ಕಿವಿಗೂ ಬೀಳಲಿಲ್ಲ. ಈ ತಿಂಗಳ ಕೊನೆಗೆ ತೊಟ್ಟಿಗಳನ್ನು ನಿಲ್ಲಿಸಬೇಕೆಂದು ಪತ್ರ ಬಂದಿದೆ.

"ಒಂದು ಬಾಟಲಿಯಿಂದ ನಿಲ್ಲಿಸಲಿಲ್ಲ. ಅವರಿಗೆ ನಿಲ್ಲಿಸೋಕೆ ಒಂದು ನೆಪ ಬೇಕಿತ್ತು," ಎನ್ನುತ್ತಾರೆ ಮೇಡಂ, ಗಾಜಿನಕ್ಕನಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ. ಗಾಜಿನಕ್ಕ ತಲೆಯಾಡಿಸುತ್ತಾರೆ, ಒಪ್ಪುವುದಿಲ್ಲ. ಮೇಡಂ ಆಚೆ ಹೋದ ಮೇಲೆ ಹೇಳುತ್ತಾರೆ: "ಹಚ್ಚಿದ ದಿನ ತೊಟ್ಟಿಗೆ ಮೋಸ ಮಾಡ್ದೆ. ಹಚ್ಚದೇ ಇದ್ದ ದಿನಗಳೆಲ್ಲ ಅವರಿಗೆ ಮೋಸ ಮಾಡ್ದೆ. ಎರಡರಲ್ಲಿ ಒಂದಾದ್ರೂ ಉಳಿದಿದ್ರೆ..."

ಮುಂದಿನ ತಿಂಗಳಿಂದ ಅವರಿಗೆ ಜಾಲರಿ ವಿಭಾಗದಲ್ಲಿ ಕೆಲಸ. ಊರಿನ ಚಿಂದಿ, ಚೀಲ, ಕೂದಲಿನ ಉಂಡೆಗಳನ್ನು ಕೊಕ್ಕೆಯಿಂದ ಎಳೆದು ಹಾಕುವುದು. ಅಲ್ಲಿ ಯಾವ ನಿಯಮವೂ ಇಲ್ಲ. ಪಂಪಿನವರು ಸಮಾಧಾನಕ್ಕೆಂದು, "ಇನ್ನಾದ್ರೂ ಘಮಘಮ ಸೋಪು ಹಾಕ್ಕೊಳ್ಳಕ್ಕಾ, ಪಾಪ ನಮ್ಮ ಮೂಗಿಗೂ ಪುಣ್ಯ ಬರುತ್ತೆ," ಎಂದು ಕಿಚಾಯಿಸುತ್ತಾರೆ. ಅವರೂ ನಗುತ್ತಾರೆ. ನಗು ಕಣ್ಣಿನವರೆಗೆ ಏರುವುದಿಲ್ಲ.

ಇನ್ನು ಉಳಿದಿರುವುದು ಐದು ಬೆಳಗುಗಳು. ಯಾರೂ ಓದದ ಅಂಕಿಗಳಿಗಾಗಿ ಇಂದೂ ಮೂರು ಸಲ ಕೈ ತೊಳೆದಿದ್ದಾರೆ, ಇಂದೂ ನೂರ ಎಂಬತ್ತು ಎಣಿಸಿದ್ದಾರೆ. ನಿಲ್ಲಿಸುವುದು ಹೇಗೂ ಖಚಿತ, ಒಂದು ದಿನ ತಪ್ಪಿಸಿದರೆ ಆಗದೇ ಎಂದರೆ, ನಾಳೆ ಅಡುಗೆ ಮಾಡಲ್ಲ ಅಂತ ಇವತ್ತು ಉಪ್ಪು ಹಾಕದೇ ಇರ್ತೀವಾ ಎಂದು ತಿರುಗಿಸಿ ಕೇಳುತ್ತಾರೆ.

ಐಸ್ ಪೆಟ್ಟಿಗೆ ಮುಚ್ಚಿದ ಮೇಲೆ ಅವರು ತೊಟ್ಟಿಗಳ ಕೊನೆಗೆ ನಡೆಯುತ್ತಾರೆ. ಅಲ್ಲಿ ಇದ್ದಿಲು ಹಾಯ್ದ ನೀರು ಒಂದು ಸಣ್ಣ ಕಾಲುವೆಯಾಗಿ ಹೊರಟು, ಎಂದಿನ ದೊಡ್ಡ ಕಾಲುವೆಗೆ ಸೇರಿ, ಬೇಲಿಯಾಚೆಯ ನದಿಗೆ ಇಳಿಯುತ್ತದೆ. ಎರಡೂ ನೀರು ನೋಡಲು ಒಂದೇ. ಯಾವುದು ಯಾವುದೆಂದು ತಿಳಿದವರು ಆ ಹೊತ್ತಿನಲ್ಲಿ ಅವರೊಬ್ಬರೇ. ಮೂರು ವರ್ಷದಲ್ಲಿ ಈ ಸಣ್ಣ ಕಾಲುವೆಯಲ್ಲಿ ಹರಿದದ್ದು ಇನ್ನೂರು ಕೋಟಿ ಲೀಟರ್‌ಗೂ ಮಿಕ್ಕಿದ ನೀರು. ಅದರಲ್ಲಿ ಯಜಮಾನರ ಮಾತ್ರೆ ಬೆರೆತ ನೀರೂ ಇತ್ತು.

ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಯಿತು ಅನ್ನಿಸುವುದಿಲ್ಲವೇ ಎಂದು ಕೇಳಿದರೆ, ಅವರು ಬಿರಿದ ಬೆರಳುಗಳನ್ನು ಕಂಕುಳಲ್ಲಿ ಬೆಚ್ಚಗೆ ಸಿಕ್ಕಿಸಿಕೊಂಡು, ಕಾಲುವೆಯನ್ನೇ ನೋಡುತ್ತ, ಹೇಳುತ್ತಾರೆ:

"ಹೋದ ನೀರು ಚೊಕ್ಕವಾಗೇ ಹೋಯ್ತು. ಅದನ್ನ ಯಾವ ಸಮಿತಿನೂ ವಾಪಸ್ ಕರೆಸಿ ಕೊಳೆ ಮಾಡೋಕಾಗಲ್ಲ."